ಡ್ಯುರಾನ್ ಡ್ಯುರಾನ್ ತಂಡದ 'ರಿಯೊ' (1982): ಪದೇ ಪದೇ ಕೇಳುವ ಪ್ರಶ್ನೆಗಳು

'ರಿಯೊ' ಯಾವ ಆಲ್ಬಂ? ಯಾರದು?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಪಾಪ್ ತಂಡ ಡ್ಯುರಾನ್ ಡ್ಯುರಾನ್. ಅದರ ಎರಡನೆಯ ಆಲ್ಬಂ 'ರಿಯೊ'. ಇಎಂಐ ಕಂಪನಿ ಇದನ್ನು 1982ರ ಮೇ 10ರಂದು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿತು. ಒಟ್ಟು ಒಂಬತ್ತು ಹಾಡುಗಳು. 'ಹಂಗ್ರಿ ಲೈಕ್ ದ ವುಲ್ಫ್', 'ಸೇವ್ ಎ ಪ್ರೇಯರ್' ಮತ್ತು ಆಲ್ಬಮ್ಮಿಗೆ ಹೆಸರು ಕೊಟ್ಟ 'ರಿಯೊ' ಇದರಲ್ಲಿವೆ. ತಂಡದ ಹೆಸರನ್ನೇ ಕೇಳಿರದವರಿಗೂ ಈ ಮೂರರಲ್ಲಿ ಒಂದು ಎಲ್ಲಾದರೂ ಕಿವಿಗೆ ಬಿದ್ದಿರುತ್ತದೆ.

ತಂಡದಲ್ಲಿ ಮೂವರು ಟೇಲರ್‌ಗಳಿದ್ದಾರಲ್ಲ, ಅವರು ಅಣ್ಣತಮ್ಮಂದಿರೇ?

ಅಲ್ಲ. ಬಾಸ್ ಗಿಟಾರಿನ ಜಾನ್ ಟೇಲರ್, ಡ್ರಮ್ಸ್ ನುಡಿಸುವ ರೋಜರ್ ಟೇಲರ್, ಗಿಟಾರಿನ ಆ್ಯಂಡಿ ಟೇಲರ್, ಈ ಮೂವರಿಗೂ ಹೆಸರಿನ ಆಚೆಗೆ ಯಾವ ನಂಟೂ ಇಲ್ಲ. ಆ್ಯಂಡಿಯಂತೂ ಬರ್ಮಿಂಗ್‌ಹ್ಯಾಮಿನವನೇ ಅಲ್ಲ. ಉತ್ತರದ ನ್ಯೂಕ್ಯಾಸಲ್ ಕಡೆಯಿಂದ, ಸಂಗೀತ ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿಕೊಂಡು ಬಂದು ಸೇರಿದವನು. ಉಳಿದ ಇಬ್ಬರು ಗಾಯಕ ಸೈಮನ್ ಲೆ ಬಾನ್ ಮತ್ತು ಕೀಬೋರ್ಡ್ ನುಡಿಸುವ ನಿಕ್ ರೋಡ್ಸ್. ಆಲ್ಬಂ ಹೊರಬಂದ ದಿನ ಐವರಲ್ಲಿ ಹಿರಿಯನಾದ ಲೆ ಬಾನ್‌ಗೆ 23 ವರ್ಷ, ಕಿರಿಯನಾದ ರೋಡ್ಸ್‌ಗೆ 19. ಇದರಲ್ಲಿರುವ ಅತಿಯಾದ ಆತ್ಮವಿಶ್ವಾಸ ಎಲ್ಲಿಂದ ಬಂತೆಂದು ಕೇಳುವವರು ಈ ವಯಸ್ಸನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಒಂದೇ ಹೆಸರನ್ನು ಎರಡು ಸಲ ಹೇಳುವುದೇಕೆ?

1968ರ 'ಬಾರ್ಬರೆಲ್ಲಾ' ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರದಲ್ಲಿ ಡಾ. ಡ್ಯುರಾಂಡ್ ಡ್ಯುರಾಂಡ್ ಎಂಬ ಖಳನಾಯಕನಿದ್ದಾನೆ. ಕೊನೆಯ ಅಕ್ಷರವನ್ನು ಕತ್ತರಿಸಿ ಅವನ ಹೆಸರನ್ನೇ ಇಟ್ಟುಕೊಂಡರು.

ನ್ಯೂ ವೇವ್ ಎಂದರೇನು? ಇವರು ಆ ಸಾಲಿಗೆ ಸೇರುತ್ತಾರೆಯೇ?

1976–77ರ ಸುಮಾರಿಗೆ ಬ್ರಿಟನ್ನಿನಲ್ಲಿ ಪಂಕ್ ಸಂಗೀತ ದೊಡ್ಡ ಗದ್ದಲ ಎಬ್ಬಿಸಿತು. ಮೂರು ಸ್ವರಮೇಳ ಗೊತ್ತಿದ್ದವರೂ ತಂಡ ಕಟ್ಟಬಹುದು ಎಂಬ ಧೈರ್ಯವನ್ನು ಅದು ಹರಡಿತು. ಆ ಧೈರ್ಯವನ್ನು ಉಳಿಸಿಕೊಂಡು, ಆದರೆ ಅದರ ಒರಟುತನವನ್ನು ಬಿಟ್ಟು, ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್), ಕುಣಿತದ ಲಯ, ಅಚ್ಚುಕಟ್ಟಾದ ರಾಗಗಳತ್ತ ಹೊರಳಿದವರನ್ನೆಲ್ಲ ಒಟ್ಟಾಗಿ ನ್ಯೂ ವೇವ್ ಎಂದು ಕರೆದರು. ಒಂದಕ್ಕೊಂದು ಹೋಲಿಕೆಯೇ ಇಲ್ಲದ ಹತ್ತಾರು ತಂಡಗಳು ಈ ಹೆಸರಿನ ಕೆಳಗೆ ನಿಂತಿವೆ. ಆದ್ದರಿಂದ ಇದನ್ನು ಶೈಲಿ ಎನ್ನುವುದಕ್ಕಿಂತ ಕಾಲಘಟ್ಟ ಎನ್ನುವುದೇ ಸರಿ.

ಅದರೊಳಗೆ ನ್ಯೂ ರೊಮ್ಯಾಂಟಿಕ್ ಎಂಬ ಇನ್ನೊಂದು ಒಳಗುಂಪಿತ್ತು: ಜಾಲರಿಯ ಅಂಗಿ, ಮುಖಕ್ಕೆ ಬಣ್ಣ, ಗಂಡಸರ ತುಟಿಗೂ ಲಿಪ್‌ಸ್ಟಿಕ್. ಲಂಡನ್ನಿನಲ್ಲಿ ಬ್ಲಿಟ್ಜ್ ಎಂಬ ಕ್ಲಬ್ ಈ ಗುಂಪಿನ ಅಡ್ಡೆಯಾಗಿದ್ದರೆ, ಬರ್ಮಿಂಗ್‌ಹ್ಯಾಮಿನಲ್ಲಿ ರಮ್ ರನ್ನರ್ ಎಂಬ ನೈಟ್‌ಕ್ಲಬ್ ಇತ್ತು. ಅದರ ಮಾಲೀಕರಾದ ಬೆರೊ ಸಹೋದರರೇ ಡ್ಯುರಾನ್ ಡ್ಯುರಾನ್‌ನ ವ್ಯವಸ್ಥಾಪಕರಾದರು. ಹುಡುಗರಿಗೆ ಅಲ್ಲಿ ತಾಲೀಮಿಗೆ ಜಾಗ ಸಿಕ್ಕಿತು, ಹೊಟ್ಟೆಪಾಡಿಗೆ ಅಲ್ಲಿಯೇ ಸಣ್ಣಪುಟ್ಟ ಕೆಲಸವೂ ಸಿಕ್ಕಿತು. ಕುಣಿಯುವ ಜನರ ಕಾಲು ಯಾವ ತಾಳಕ್ಕೆ ಏಳುತ್ತದೆ, ಯಾವುದಕ್ಕೆ ಏಳುವುದಿಲ್ಲ ಎಂಬುದನ್ನು ಅವರು ರಾತ್ರಿ ರಾತ್ರಿ ಕಣ್ಣಾರೆ ಕಂಡವರು. ನನ್ನ ಲೆಕ್ಕದಲ್ಲಿ ಅವರ ಬಟ್ಟೆಗಿಂತ ಈ ಅಭ್ಯಾಸ ಮುಖ್ಯ.

ಎರಡನೆಯ ಆಲ್ಬಂ ಎಂದರೆ ಅನೇಕ ತಂಡಗಳು ಎಡವುತ್ತವೆ. ಇವರು ಎಡವಲಿಲ್ಲವೇಕೆ?

ಮೊದಲ ಆಲ್ಬಮ್ಮಿಗೆ ತಂಡದ ಹುಟ್ಟಿನಿಂದ ಕೂಡಿಟ್ಟ ಹಾಡುಗಳೆಲ್ಲ ಖರ್ಚಾಗಿರುತ್ತವೆ. ಎರಡನೆಯದನ್ನು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಬರೆಯಬೇಕಾಗುತ್ತದೆ. ಇವರ ಮೊದಲ ಆಲ್ಬಂ 1981ರ ಜೂನ್‌ನಲ್ಲಿ ಬಂದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 3ನೇ ಸ್ಥಾನ ತಲುಪಿತ್ತು. ಎರಡನೆಯದು ಹೊರಬರುವಾಗ ಅದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಾಗಿ ಆತುರವೇನೋ ಇತ್ತು.

ಆದರೆ ಎರಡು ಸಂಗತಿಗಳು ಇವರ ಕೈ ಹಿಡಿದವು. ನಿರ್ಮಾಪಕ ಕಾಲಿನ್ ಥರ್ಸ್ಟನ್ ಅವರನ್ನು ಬದಲಾಯಿಸಲಿಲ್ಲ. ಅವರು ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ 'ಹೀರೋಸ್' ಆಲ್ಬಮ್ಮಿಗೆ ಧ್ವನಿ ಎಂಜಿನಿಯರ್ ಆಗಿ ಕೆಲಸ ಮಾಡಿದವರು. ಬೋವಿಯನ್ನು ಆರಾಧಿಸುತ್ತಿದ್ದ ಈ ಹುಡುಗರಿಗೆ ಅದಕ್ಕಿಂತ ದೊಡ್ಡ ಅರ್ಹತಾಪತ್ರ ಬೇಕಿರಲಿಲ್ಲ. ಇನ್ನೊಂದು ಸಂಗತಿ, ವರ್ಷವಿಡೀ ವೇದಿಕೆಯ ಮೇಲೆ ನುಡಿಸಿ ನುಡಿಸಿ ಐವರ ಕೈಯೂ ಪಳಗಿತ್ತು. ಮೊದಲ ಆಲ್ಬಂನಲ್ಲಿ ಪ್ರತಿ ವಾದ್ಯವೂ ತನ್ನ ಪಾಡಿಗೆ ತಾನು ನುಡಿಯುವಂತೆ ಕೇಳಿಸುವ ಜಾಗಗಳಿವೆ. 'ರಿಯೊ'ದಲ್ಲಿ ಅಂಥವು ಇಲ್ಲವೆಂದರೂ ನಡೆದೀತು.

ಧ್ವನಿಮುದ್ರಣ ನಡೆದದ್ದು ಎಲ್ಲಿ?

ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿದ್ದ ಏರ್ ಸ್ಟುಡಿಯೊದಲ್ಲಿ, 1982ರ ಮೊದಲ ತಿಂಗಳುಗಳಲ್ಲಿ. ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕಟ್ಟಿದ ಸ್ಟುಡಿಯೊ ಅದು.

ರಿಯೊ ಎಂದರೆ ಬ್ರೆಜಿಲ್‌ನ ಊರೇ?

ಹಾಡಿನಲ್ಲಿ ರಿಯೊ ಒಬ್ಬ ಹೆಣ್ಣು. ಮರಳಿನ ಮೇಲೆ ಕುಣಿಯುವವಳು. ಆದರೆ ಪಲ್ಲವಿಯ ಕಡೆಗೆ ಉತ್ತರದ ಬೆಟ್ಟಗಳು, ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ನದಿ ಎಲ್ಲ ಬಂದುಹೋಗುತ್ತವೆ. ಈ ಹೆಣ್ಣು ಅಮೆರಿಕ ದೇಶವೇ, ಅದನ್ನು ಗೆಲ್ಲಬೇಕೆಂಬ ತಂಡದ ಆಸೆಯೇ ಹಾಡಾಗಿದೆ ಎಂಬ ಅರ್ಥವನ್ನು ತಂಡದವರೇ ಒಪ್ಪಿದ್ದಾರೆ. ಲೆ ಬಾನ್ ಅವರ ಸಾಹಿತ್ಯವನ್ನು ಅದಕ್ಕಿಂತ ಆಳಕ್ಕೆ ಅಗೆದರೆ ಸಿಗುವುದು ಕಡಿಮೆ. ಅವರು ಪದಗಳನ್ನು ಆರಿಸುವುದು ಬಾಯಲ್ಲಿ ಅವು ಹೇಗೆ ತಿರುಗುತ್ತವೆ ಎಂಬುದನ್ನು ನೋಡಿ. ಅರ್ಥ ಆಮೇಲಿನ ಮಾತು. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ.

'ರಿಯೊ' ಹಾಡಿನ ಆರಂಭದಲ್ಲಿ ಕೇಳುವ ವಿಚಿತ್ರ ಸದ್ದು ಯಾವ ವಾದ್ಯದ್ದು?

ಪಿಯಾನೊದ್ದು, ಆದರೆ ಯಾರೂ ಮಾಡದ ರೀತಿಯಲ್ಲಿ ಮಾಡಿದ್ದು. ನಿಕ್ ರೋಡ್ಸ್ ಸ್ಟುಡಿಯೊದ ಗ್ರ್ಯಾಂಡ್ ಪಿಯಾನೊದ ತಂತಿಗಳ ಮೇಲೆ ಸಣ್ಣ ಲೋಹದ ಸಲಾಕೆಗಳನ್ನು ಬೀಳಿಸಿ, ಆ ಸದ್ದನ್ನು ಟೇಪಿನಲ್ಲಿ ಹಿಡಿದು, ಟೇಪನ್ನು ಹಿಂದುಮುಂದಾಗಿ ಓಡಿಸಿದರು.

ಅದರ ಬೆನ್ನಿಗೆ ಹನಿ ಹನಿಯಾಗಿ ಸುರಿಯುವ ಸ್ವರಗಳು ರೋಲ್ಯಾಂಡ್ ಕಂಪನಿಯ ಜುಪಿಟರ್ ಸಿಂಥಸೈಜರಿನವು. ಕೀಬೋರ್ಡಿನ ಮನೆಗಳನ್ನು ಒತ್ತಿ ಹಿಡಿದರೆ ಯಂತ್ರವೇ ಆ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ ಸೌಕರ್ಯ ಅದರಲ್ಲಿದೆ. ರೋಡ್ಸ್ ಶಾಸ್ತ್ರೀಯವಾಗಿ ಕಲಿತ ಕೀಬೋರ್ಡ್ ವಾದಕರಲ್ಲ. ಬೆರಳಿನ ವೇಗ ಅವರ ಬಂಡವಾಳವಲ್ಲ. ಯಾವ ನಾದ ಎಲ್ಲಿ ಬರಬೇಕು, ಎಷ್ಟು ಹೊತ್ತು ಇರಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ತಿಳಿವಳಿಕೆಯೇ ಅವರ ಕಸುಬು.

ನಡುವೆ ಬರುವ ಸ್ಯಾಕ್ಸೊಫೋನ್ ಆ್ಯಂಡಿ ಹ್ಯಾಮಿಲ್ಟನ್ ಎಂಬ ಅತಿಥಿ ವಾದಕರದು.

ಜಾನ್ ಟೇಲರ್‌ನ ಬಾಸ್ ಗಿಟಾರಿಗೆ ಇಷ್ಟೊಂದು ಹೊಗಳಿಕೆ ಏಕೆ?

ಅದಿಲ್ಲದೆ ಈ ಆಲ್ಬಂ ಇಲ್ಲ, ಅದಕ್ಕೆ. ಸಾಮಾನ್ಯವಾಗಿ ಪಾಪ್ ಹಾಡಿನಲ್ಲಿ ಬಾಸ್ ಕೆಳಗಿನಿಂದ ಭಾರ ಹೊರುವ ವಾದ್ಯ. ಹಾಡು ನಡೆಯುತ್ತದೆ, ಬಾಸ್ ಹಿಂಬಾಲಿಸುತ್ತದೆ. 'ರಿಯೊ' ಶೀರ್ಷಿಕೆ ಗೀತೆಯನ್ನು ಒಮ್ಮೆ ಗಾಯಕನ ಕಡೆ ಗಮನ ಕೊಡದೆ ಕೇಳಿ ನೋಡಿ. ಚರಣದುದ್ದಕ್ಕೂ ಬಾಸ್ ತನ್ನದೇ ಇನ್ನೊಂದು ರಾಗವನ್ನು ಹಾಡುತ್ತಿರುತ್ತದೆ. ಲೆ ಬಾನ್ ಉಸಿರೆಳೆದುಕೊಳ್ಳುವ ಸಂದುಗಳಲ್ಲಿ ಮೇಲಕ್ಕೆ ಜಿಗಿಯುತ್ತದೆ, ಅವನು ಹಾಡಲು ಬಂದೊಡನೆ ಕೆಳಗಿಳಿಯುತ್ತದೆ. ಜುಗಲ್‌ಬಂದಿ ಕೇಳಿ ಬೆಳೆದ ಕಿವಿಗೆ ಈ ಕೊಡುಕೊಳ್ಳುವಿಕೆ ಥಟ್ಟನೆ ಹಿಡಿಸುತ್ತದೆ.

ಜಾನ್ ಇದನ್ನು ಕಲಿತದ್ದು ಅಮೆರಿಕದ ಡಿಸ್ಕೊ ತಂಡ ಶೀಕ್‌ನ ಬರ್ನಾರ್ಡ್ ಎಡ್ವರ್ಡ್ಸ್ ಅವರ ವಾದನವನ್ನು ಕೇಳಿ. ಪಂಕ್‌ನ ಸೆಕ್ಸ್ ಪಿಸ್ಟಲ್ಸ್ ಮತ್ತು ಡಿಸ್ಕೊದ ಶೀಕ್, ಈ ಎರಡನ್ನೂ ಒಂದೇ ತಂಡದಲ್ಲಿ ಕೂಡಿಸಬೇಕೆಂಬುದು ಆರಂಭದಿಂದಲೂ ಇವರ ಹಂಬಲ. 1970ರ ದಶಕದ ಕೊನೆಗೆ ರಾಕ್ ಅಭಿಮಾನಿಗಳು ಡಿಸ್ಕೊವನ್ನು ಕೀಳಾಗಿ ಕಾಣುತ್ತಿದ್ದರು. ಬಿಳಿಯ ಇಂಗ್ಲಿಷ್ ಹುಡುಗರು ಅದನ್ನೇ ತಮ್ಮ ಪಾಠಶಾಲೆ ಮಾಡಿಕೊಂಡದ್ದು ಸಣ್ಣ ಮಾತಲ್ಲ. ರೋಜರ್ ಟೇಲರ್ ಡ್ರಮ್ಸ್‌ನಲ್ಲಿ ಮಾಡುವುದು ಬಹಳ ಕಡಿಮೆ, ಆದರೆ ಆ ಕಡಿಮೆಯೇ ಬಾಸ್‌ಗೆ ಓಡಾಡಲು ಜಾಗ ಕೊಡುತ್ತದೆ. ಇದರ ಮೇಲೆ ಆ್ಯಂಡಿಯ ಗಿಟಾರ್ ಹಾರ್ಡ್ ರಾಕ್‌ನ ಕಡೆಗೆ ಎಳೆಯುತ್ತದೆ, ರೋಡ್ಸ್‌ನ ಸಿಂಥಸೈಜರ್ ಅದರ ವಿರುದ್ಧ ದಿಕ್ಕಿಗೆ. ಈ ಎಳೆದಾಟ ಮುಂದೆ ತಂಡವನ್ನೇ ಒಡೆಯಿತು. 1982ರಲ್ಲಿ ಮಾತ್ರ ಅದು ಹಾಡುಗಳಿಗೆ ಲಾಭವೇ ಆಯಿತು.

'ಹಂಗ್ರಿ ಲೈಕ್ ದ ವುಲ್ಫ್' ಒಂದೇ ದಿನದಲ್ಲಿ ಹುಟ್ಟಿತಂತೆ, ನಿಜವೇ?

ಹೌದು. ಇಎಂಐ ಕಚೇರಿಯ ಡೆಮೊ ಸ್ಟುಡಿಯೊದಲ್ಲಿ ಒಂದು ಶನಿವಾರ ಕೂತು ಅದರ ರೂಪವನ್ನು ಹೊಂದಿಸಿದರು. ಆಗಿನ್ನೂ ಹೊಸದಾಗಿದ್ದ ತಾಳಯಂತ್ರಕ್ಕೆ ಸಿಂಥಸೈಜರನ್ನು ಜೋಡಿಸಿ ಆಟವಾಡುತ್ತಿದ್ದಾಗ ಸಿಕ್ಕ ಓಟ ಅದು. ಆ್ಯಂಡಿ ಅದಕ್ಕೆ ಗಿಟಾರ್ ಹಾಕಿದರು. ಕೆಂಪು ಟೋಪಿಯ ಹುಡುಗಿ ಮತ್ತು ತೋಳನ ಮಕ್ಕಳ ಕಥೆಯನ್ನು ನೆನೆದು ಲೆ ಬಾನ್ ಸಾಹಿತ್ಯ ಬರೆದರು. ಹಾಡಿನ ಆರಂಭದಲ್ಲಿ ಕೇಳುವ ನಗು ಆಗ ರೋಡ್ಸ್‌ನ ಗೆಳತಿಯಾಗಿದ್ದವಳದು.

ವಿಡಿಯೊಗಳನ್ನು ಶ್ರೀಲಂಕಾದಲ್ಲಿ ಚಿತ್ರಿಸಿದರಂತೆ. ಎಲ್ಲೆಲ್ಲಿ?

1982ರ ಏಪ್ರಿಲ್‌ನಲ್ಲಿ, ಆಲ್ಬಂ ಬಿಡುಗಡೆಗೆ ಸ್ವಲ್ಪ ಮುಂಚೆ, ತಂಡ ಶ್ರೀಲಂಕಾಕ್ಕೆ ಹೋಯಿತು. ನಿರ್ದೇಶಕ ಆಸ್ಟ್ರೇಲಿಯಾದ ರಸೆಲ್ ಮಲ್ಕಾಹಿ. ಒಂದೇ ಪ್ರವಾಸದಲ್ಲಿ 'ಹಂಗ್ರಿ ಲೈಕ್ ದ ವುಲ್ಫ್', 'ಸೇವ್ ಎ ಪ್ರೇಯರ್', 'ಲೋನ್ಲಿ ಇನ್ ಯುವರ್ ನೈಟ್‌ಮೇರ್' ಮೂರಕ್ಕೂ ಚಿತ್ರೀಕರಣವಾಯಿತು.

'ಹಂಗ್ರಿ'ಯಲ್ಲಿ ಕೊಲಂಬೊದ ಬೀದಿಗಳು, ಕಾಡಿನಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯಗಳಿವೆ. ಲೆ ಬಾನ್ ಮೇಜನ್ನು ಉರುಳಿಸುವ ಜಾಗ ಕೊಲಂಬೊ ಕೋಟೆ ಪ್ರದೇಶದ ಹಳೆಯ ಪಗೋಡಾ ಟೀ ರೂಮ್. 'ಸೇವ್ ಎ ಪ್ರೇಯರ್'ನಲ್ಲಿ ಸಿಗಿರಿಯ ಬಂಡೆಯ ನೆತ್ತಿ ಆಕಾಶದಿಂದ ಕಾಣುತ್ತದೆ. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಅರಮನೆ ಕಟ್ಟಿಸಿದ ಬಂಡೆ ಅದು. ಪೊಲೊನ್ನರುವದ ಪಾಳುಗುಡಿಗಳು, ಬುದ್ಧನ ಬೃಹತ್ ಶಿಲಾಮೂರ್ತಿಗಳು, ದಕ್ಷಿಣದ ಕಡಲತೀರ ಇವೂ ಬರುತ್ತವೆ. ಸಿಗಿರಿಯ ಮತ್ತು ಪೊಲೊನ್ನರುವ ಎರಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಅದೇ 1982ರಲ್ಲಿ. ಅದಕ್ಕೂ ಈ ವಿಡಿಯೊಗೂ ಸಂಬಂಧವಿಲ್ಲ, ಕಾಲ ಕೂಡಿಬಂತು ಅಷ್ಟೆ.

ಒಬ್ಬರಿಗೆ ಈ ಪ್ರವಾಸ ದುಬಾರಿಯಾಯಿತು. ಆನೆಗಳು ಮೀಯುವ ನೀರಿನಲ್ಲಿ ಚಿತ್ರೀಕರಣ ನಡೆಯುವಾಗ ಆ್ಯಂಡಿ ಟೇಲರ್ ಆ ನೀರನ್ನು ಕುಡಿದುಬಿಟ್ಟರು. ಊರಿಗೆ ಮರಳಿದ ಮೇಲೆ ಆಸ್ಪತ್ರೆ ಸೇರಬೇಕಾಯಿತು.

ನಮ್ಮ ಕಣ್ಣಿಗೆ ಈ ವಿಡಿಯೊಗಳಲ್ಲಿ ಮುಜುಗರ ತರುವ ಅಂಶವೂ ಇದೆ. ಬಿಳಿಯರು ಸೂಟು ತೊಟ್ಟು ಬಂದು, ಪೂರ್ವದೇಶವೆಂದರೆ ಆನೆ, ಕಾಡು, ಬೌದ್ಧ ಭಿಕ್ಷು, ಹಾವಾಡಿಗ ಎನ್ನುವ ಹಳೆಯ ಚಿತ್ರವನ್ನೇ ಮತ್ತೆ ಬರೆದಿದ್ದಾರೆ. ಅಲ್ಲಿನ ಜನರಿಗೆ ಹಿನ್ನೆಲೆಯಲ್ಲಿ ನಿಲ್ಲುವುದಷ್ಟೇ ಕೆಲಸ. ಇದನ್ನು ಒಪ್ಪಿಕೊಂಡ ಮೇಲೂ 'ಸೇವ್ ಎ ಪ್ರೇಯರ್' ನೋಡಲು ಚೆಂದ ಎನ್ನದಿರಲಾಗುವುದಿಲ್ಲ. ಒಂದು ರಾತ್ರಿಯ ಸಂಬಂಧದ ಬಗ್ಗೆ ಬರೆದ ಹಾಡಿಗೆ ಬುದ್ಧನ ವಿಗ್ರಹ ಯಾಕೆ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಪ್ರೇಮಗೀತೆ ಶುರುವಾದೊಡನೆ ನಾಯಕ ನಾಯಕಿ ಹೇಳದೆ ಕೇಳದೆ ಹಿಮಪರ್ವತದ ಮೇಲೆ ಪ್ರತ್ಯಕ್ಷರಾಗುವುದನ್ನು ನೋಡಿ ಬೆಳೆದ ನಾವು ಈ ವಿಷಯದಲ್ಲಿ ಹೆಚ್ಚು ತಕರಾರು ಮಾಡುವಂತಿಲ್ಲ.

ಹಾಯಿದೋಣಿಯ ಮೇಲೆ ಬಣ್ಣದ ಸೂಟು ತೊಟ್ಟು ಹಾಡುವುದು ಯಾವ ಹಾಡಿನಲ್ಲಿ?

'ರಿಯೊ'ದಲ್ಲಿ. ಅದು ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ ಚಿತ್ರಿಸಿದ್ದು, ನಿರ್ದೇಶಕ ಮಲ್ಕಾಹಿಯೇ. ಸೂಟುಗಳು ಆ್ಯಂಟನಿ ಪ್ರೈಸ್ ಎಂಬ ವಿನ್ಯಾಸಕರವು. ಹಾಯಿದೋಣಿಯ ಹೆಸರು ಐಲೀನ್, 1936ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ್ದು. ಮುಂದೆ ಇಟಲಿಯ ಕೈಗಡಿಯಾರದ ಕಂಪನಿಯೊಂದು ಅದನ್ನು ಕೊಂಡು ದುರಸ್ತಿ ಮಾಡಿಸಿತು. ಎಂಬತ್ತರ ದಶಕದ ಅದ್ದೂರಿತನಕ್ಕೆ ಯಾರಾದರೂ ಒಂದೇ ಉದಾಹರಣೆ ಕೇಳಿದರೆ ಈಗಲೂ ಈ ದೋಣಿಯನ್ನೇ ತೋರಿಸುತ್ತಾರೆ.

ಅಮೆರಿಕದಲ್ಲಿ ಆಲ್ಬಂ ಮೊದಲು ಸೋತಿತ್ತೇ?

ಸೋತಿತ್ತು, ಮತ್ತು ಈ ಭಾಗವೇ ಇಡೀ ಕಥೆಯಲ್ಲಿ ಹೆಚ್ಚು ಕುತೂಹಲಕಾರಿ. 1982ರ ಮಧ್ಯದಲ್ಲಿ ಅಲ್ಲಿ ಬಿಡುಗಡೆಯಾದಾಗ ಆಲ್ಬಂ ಮಾರಾಟವಾಗಲಿಲ್ಲ. 'ಹಂಗ್ರಿ ಲೈಕ್ ದ ವುಲ್ಫ್' ಸಿಂಗಲ್ (ಆಲ್ಬಮ್ಮಿನಿಂದ ಬಿಡಿಯಾಗಿ ಮಾರುವ ಹಾಡು) ಕೂಡ ಕೇಳುವವರಿಲ್ಲದೆ ಮುಳುಗಿತು. ಅಲ್ಲಿನ ರೇಡಿಯೊ ಕೇಂದ್ರಗಳಿಗೆ ಇದನ್ನು ಯಾವ ಪೆಟ್ಟಿಗೆಗೆ ಹಾಕಬೇಕೆಂದೇ ತಿಳಿಯಲಿಲ್ಲ. ರಾಕ್ ಕೇಂದ್ರಕ್ಕೆ ಇದು ಕುಣಿತದ ಹಾಡು, ಕುಣಿತದ ಕೇಂದ್ರಕ್ಕೆ ಇದು ರಾಕ್.

ಆಗ, ಅಮೆರಿಕದಲ್ಲಿ ಆಲ್ಬಂ ಹೊರತಂದಿದ್ದ ಕ್ಯಾಪಿಟಲ್ ಕಂಪನಿ ಡೇವಿಡ್ ಕರ್ಶನ್‌ಬಾಮ್ ಎಂಬ ನಿರ್ಮಾಪಕರಿಗೆ ಹಾಡುಗಳನ್ನು ಮರುಮಿಶ್ರಣ ಮಾಡಲು ಕೊಟ್ಟಿತು. ತಾಳ ಇನ್ನಷ್ಟು ಗಟ್ಟಿಯಾಯಿತು, ಕುಣಿತಕ್ಕೆ ಒಗ್ಗುವಂತಾಯಿತು. ಮೊದಲು 'ಕಾರ್ನಿವಲ್' ಎಂಬ ಕಿರು ಆಲ್ಬಂ ಆಗಿ ಇವು ಹೊರಬಂದು ಕ್ಲಬ್ಬುಗಳಲ್ಲಿ ಓಡಿದವು. ಬಳಿಕ ನವೆಂಬರ್‌ನಲ್ಲಿ, ರೆಕಾರ್ಡಿನ ಮೊದಲ ಬದಿಗೆ ಮರುಮಿಶ್ರಣದ ಹಾಡುಗಳನ್ನು ಹಾಕಿ, 'ರಿಯೊ'ವನ್ನೇ ಮತ್ತೊಮ್ಮೆ ಬಿಡುಗಡೆ ಮಾಡಿದರು.

ಇದೇ ಹೊತ್ತಿಗೆ, ಹಾಡುಗಳ ವಿಡಿಯೊ ತೋರಿಸುವ ಟಿವಿ ವಾಹಿನಿ ಎಂಟಿವಿ ಬೆಳೆಯುತ್ತಿತ್ತು. 1981ರ ಆಗಸ್ಟ್ 1ರಂದು ಶುರುವಾದ ಈ ವಾಹಿನಿಗೆ ದಿನದ 24 ಗಂಟೆ ತುಂಬಬೇಕಿತ್ತು. ಅಮೆರಿಕದ ತಂಡಗಳ ಬಳಿ ವಿಡಿಯೊಗಳೇ ಹೆಚ್ಚಿರಲಿಲ್ಲ. ಬ್ರಿಟಿಷ್ ತಂಡಗಳ ಬಳಿ ಇದ್ದವು, ಅದರಲ್ಲೂ ಡ್ಯುರಾನ್ ಡ್ಯುರಾನ್ ಬಳಿ ಸಿನಿಮಾದಂತೆ ಕಾಣುವವು. ದಿನಕ್ಕೆ ಹಲವು ಬಾರಿ ಅವು ಪ್ರಸಾರವಾದವು. ನೋಡಿದವರು ರೇಡಿಯೊ ಕೇಂದ್ರಗಳಿಗೆ ಫೋನ್ ಮಾಡಿ ಹಾಡನ್ನು ಕೇಳತೊಡಗಿದರು. 1983ರ ಮಾರ್ಚ್‌ನಲ್ಲಿ 'ಹಂಗ್ರಿ' ಅಮೆರಿಕದ ಪಟ್ಟಿಯಲ್ಲಿ 3ಕ್ಕೂ, ಆಲ್ಬಂ 6ಕ್ಕೂ ಏರಿದವು. ಆಲ್ಬಂ ಅಲ್ಲಿನ ಪಟ್ಟಿಯಲ್ಲಿ 129 ವಾರ ಉಳಿಯಿತು, ಅಂದರೆ ಎರಡೂವರೆ ವರ್ಷಕ್ಕೆ ತುಸು ಕಡಿಮೆ.

ಹಾಗಾದರೆ 1ನೇ ಸ್ಥಾನ?

ಬ್ರಿಟನ್, ಅಮೆರಿಕ ಎರಡರಲ್ಲೂ ಎಂದೂ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಆಲ್ಬಂ 2ರಲ್ಲಿ ನಿಂತಿತು. ಸಿಂಗಲ್‌ಗಳಲ್ಲಿ 'ಹಂಗ್ರಿ' 5, 'ಸೇವ್ ಎ ಪ್ರೇಯರ್' 2, 'ರಿಯೊ' 9. 'ಸೇವ್ ಎ ಪ್ರೇಯರ್'ಗೆ ಮೇಲಿನ ಒಂದು ಮೆಟ್ಟಿಲನ್ನು ತಪ್ಪಿಸಿದ್ದು ಸರ್ವೈವರ್ ತಂಡದ 'ಐ ಆಫ್ ದ ಟೈಗರ್'. ಮೂರನೆಯ ಆಲ್ಬಂ 1983ರಲ್ಲಿ ಬ್ರಿಟನ್ನಿನ 1ನೇ ಸ್ಥಾನಕ್ಕೆ ಏರಿತು. ಆದರೆ ಇಂದು ಅದನ್ನು ಮೊದಲು ನೆನೆಯುವವರು ಯಾರೂ ಇಲ್ಲ. ಪಟ್ಟಿಗಳನ್ನು ಎಷ್ಟು ನಂಬಬೇಕೆಂದು ಇದರಿಂದಲೇ ಅಂದಾಜಿಸಬಹುದು.

ಮುಖಪುಟದ ಆ ನಗುವ ಹೆಣ್ಣನ್ನು ಬರೆದವರು ಯಾರು?

ಅಮೆರಿಕದ ಕಲಾವಿದ ಪ್ಯಾಟ್ರಿಕ್ ನೇಗಲ್. ಬಿಳಿ ಮುಖ, ಕಪ್ಪು ಕೂದಲು, ಸಪಾಟಾದ ಬಣ್ಣಗಳು, ಕೆಲವೇ ಗೆರೆಗಳು. ಜಪಾನಿನ ಮರದಚ್ಚಿನ ಚಿತ್ರಗಳ ಪ್ರಭಾವ ಕಾಣುತ್ತದೆ. ಚಿತ್ರದ ಸುತ್ತಲಿನ ಚೌಕಟ್ಟು, ಬಣ್ಣ, ಅಕ್ಷರಗಳ ವಿನ್ಯಾಸ ಮಾಲ್ಕಮ್ ಗ್ಯಾರೆಟ್ ಅವರದು. ನೇಗಲ್ 1984ರಲ್ಲಿ, ಹೃದ್ರೋಗದ ಸಂಸ್ಥೆಯೊಂದರ ಸಹಾಯಾರ್ಥ ನಡೆದ ವ್ಯಾಯಾಮ ಕಾರ್ಯಕ್ರಮದಲ್ಲಿ ಪಾಲ್ಗೊಂಡ ಬೆನ್ನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 38 ವರ್ಷ. ಅವರ ಶೈಲಿಯನ್ನು ನಕಲು ಮಾಡಿದ ಹೆಣ್ಣುಮುಖಗಳು ಆಮೇಲೆ ಲೋಕದ ಎಷ್ಟೋ ಬ್ಯೂಟಿ ಪಾರ್ಲರ್‌ಗಳ ಕಿಟಕಿ ಸೇರಿದವು.

ವಿಡಿಯೊ ಇಲ್ಲದಿದ್ದರೆ ಈ ಆಲ್ಬಂ ಗೆಲ್ಲುತ್ತಿತ್ತೇ?

ಅಮೆರಿಕದಲ್ಲಿ ಇಷ್ಟು ಗೆಲ್ಲುತ್ತಿರಲಿಲ್ಲ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇನ್ನೊಂದು ಮಾತು ಅಡಗಿರುತ್ತದೆ: ಚೆಂದದ ಮುಖದ ಹುಡುಗರು, ಹಾಡು ನೆಪಕ್ಕೆ. ಆ ಕಾಲದ ಬ್ರಿಟಿಷ್ ವಿಮರ್ಶಕರಲ್ಲಿ ಹಲವರು ಹೀಗೆಯೇ ಬರೆದರು. ಹದಿಹರೆಯದ ಹುಡುಗಿಯರು ಕಿರುಚುತ್ತಾ ಬಂದರೆ ಸಂಗೀತ ಕಳಪೆಯೇ ಇರಬೇಕು ಎಂಬ ನಂಬಿಕೆ ಬೀಟಲ್ಸ್ ಕಾಲದಿಂದಲೂ ಇದೆ.

ನನ್ನ ಅಭಿಪ್ರಾಯ ನೇರವಾಗಿದೆ. ವಿಡಿಯೊಗಳು ಜನರನ್ನು ಬಾಗಿಲಿಗೆ ಕರೆತಂದವು, ಒಳಗೆ ಕೂರಿಸಿದ್ದು ನುಡಿಸಾಣಿಕೆ. ಬ್ರಿಟನ್ನಿನಲ್ಲಿ ಎಂಟಿವಿ ಇರಲೇ ಇಲ್ಲ, ಅಲ್ಲಿ ಇವರು ಅದಿಲ್ಲದೆಯೇ ಗೆದ್ದರು. ಅದೇ ವರ್ಷಗಳಲ್ಲಿ ಇಷ್ಟೇ ಹಣ ಸುರಿದು ತೆಗೆದ ಎಷ್ಟೋ ವಿಡಿಯೊಗಳ ಹಾಡುಗಳು ಇಂದು ಯಾರಿಗೂ ನೆನಪಿಲ್ಲ.

ವಿಡಿಯೊ ನೋಡಿದವರು ತಪ್ಪಿಸಿಕೊಳ್ಳುವ ಹಾಡುಗಳು ಯಾವುವು?

ಎರಡನೆಯ ಬದಿಯವು. 'ನ್ಯೂ ರಿಲಿಜನ್' ಹಾಡಿನಲ್ಲಿ ಲೆ ಬಾನ್ ಎರಡು ದನಿಗಳಲ್ಲಿ ತನ್ನೊಂದಿಗೆ ತಾನೇ ವಾದಿಸುತ್ತಾನೆ, ಕೆಲವೆಡೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಬಾಸ್ ಇಲ್ಲಿ ಇಡೀ ಆಲ್ಬಂನಲ್ಲೇ ಹೆಚ್ಚು ಗಾಢವಾಗಿದೆ.

ಕೊನೆಯ ಹಾಡು 'ದ ಷೋಫರ್' ಬೇರೆಯದೇ ಲೋಕ. ತಂಡ ಸೇರುವ ಮುನ್ನ ಲೆ ಬಾನ್ ಬರೆದಿಟ್ಟಿದ್ದ ಕವಿತೆ ಇದು. ಡ್ರಮ್ಸ್ ಮೊದಲಿಗೆ ಇಲ್ಲವೇ ಇಲ್ಲ, ಸಿಂಥಸೈಜರಿನ ಒಂದು ಚಿಕ್ಕ ಸ್ವರಪುಂಜ ಮತ್ತೆ ಮತ್ತೆ ಸುತ್ತುತ್ತದೆ, ಅದರ ಮೇಲೆ ತಣ್ಣಗಿನ ದನಿ. ಮಣ್ಣಿನ ಕೊಳಲಿನಂತಹ ಒಕರೀನಾ ವಾದ್ಯವನ್ನು ಲೆ ಬಾನ್ ತಾವೇ ಊದಿದ್ದಾರೆ. ಸಿಂಗಲ್ ಆಗಿ ಬರದ ಈ ಹಾಡು ಅಭಿಮಾನಿಗಳ ಬಾಯಲ್ಲಿ ಇಂದಿಗೂ ಮೊದಲ ಸಾಲಿನಲ್ಲಿದೆ. ಬೇರೆ ತಂಡಗಳೂ ಹಾಡಿವೆ.

ಆಲ್ಬಂನಲ್ಲಿ ದುರ್ಬಲ ಹಾಡು ಇಲ್ಲವೇ?

'ಮೈ ಓನ್ ವೇ'. 1981ರ ಕೊನೆಗೆ ಸಿಂಗಲ್ ಆಗಿ ಬಂದಿದ್ದ ಇದನ್ನು ಆಲ್ಬಮ್ಮಿಗೆ ಮತ್ತೆ ಮುದ್ರಿಸಿದರು, ಆದರೂ ಸುಧಾರಿಸಲಿಲ್ಲ. ತಂಡದವರಿಗೂ ಇದರ ಮೇಲೆ ಪ್ರೀತಿಯಿಲ್ಲ.

ಗ್ರ್ಯಾಮಿ ಸಿಕ್ಕಿತೇ?

ಸಿಕ್ಕಿತು, ಆದರೆ ಹಾಡಿಗಲ್ಲ. 1984ರಲ್ಲಿ ಗ್ರ್ಯಾಮಿ ಮೊದಲ ಬಾರಿಗೆ ಕಿರು ವಿಡಿಯೊ ವಿಭಾಗ ತೆರೆದಾಗ ಮೊದಲ ಆಲ್ಬಂನ 'ಗರ್ಲ್ಸ್ ಆನ್ ಫಿಲ್ಮ್' ಮತ್ತು 'ಹಂಗ್ರಿ ಲೈಕ್ ದ ವುಲ್ಫ್' ಜೋಡಿಗೆ ಅದು ಬಂತು.

ಆ ಐವರು ಈಗ?

1985ರ ನಂತರ ತಂಡ ಒಡೆಯಿತು. ರೋಜರ್, ಆ್ಯಂಡಿ ಇಬ್ಬರೂ ಹೊರನಡೆದರು. 2001ರಲ್ಲಿ ಐವರೂ ಮತ್ತೆ ಕೂಡಿದರು, 2004ರಲ್ಲಿ 'ಆಸ್ಟ್ರೊನಾಟ್' ಆಲ್ಬಂ ತಂದರು, ಆಮೇಲೆ ಆ್ಯಂಡಿ ಮತ್ತೆ ಬಿಟ್ಟರು. 2022ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂದಾಗ ಆ್ಯಂಡಿ ಸಮಾರಂಭಕ್ಕೆ ಬರಲಾಗಲಿಲ್ಲ. ತಮಗೆ ಪ್ರಾಸ್ಟೇಟ್ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ ಎಂದು ತಿಳಿಸಿದ ಅವರ ಪತ್ರವನ್ನು ಲೆ ಬಾನ್ ವೇದಿಕೆಯಲ್ಲಿ ಓದಿದರು. ಉಳಿದ ನಾಲ್ವರು ಹಾಡುತ್ತಲೇ ಇದ್ದಾರೆ. ನಿರ್ಮಾಪಕ ಥರ್ಸ್ಟನ್ 2007ರಲ್ಲಿ ನಿಧನರಾದರು.

ಮೊದಲ ಸಲ ಕೇಳುವವರು ಯಾವ ಆವೃತ್ತಿ ಹುಡುಕಬೇಕು?

ಮೂಲ ಬ್ರಿಟಿಷ್ ಮಿಶ್ರಣ. ಕರ್ಶನ್‌ಬಾಮ್ ಮರುಮಿಶ್ರಣ ಕುಣಿಯಲು ಚೆನ್ನ, ಆದರೆ ಸಿಂಥಸೈಜರ್ ಮತ್ತು ಗಿಟಾರಿನ ನಡುವೆ ಥರ್ಸ್ಟನ್ ಬಿಟ್ಟಿದ್ದ ಗಾಳಿಯಾಡುವ ಜಾಗ ಅದರಲ್ಲಿ ಕಡಿಮೆಯಾಗಿದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ, ಹಾಗಾಗಿ ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸುತ್ತಿಗೆ ಶೀರ್ಷಿಕೆ ಗೀತೆ, 'ನ್ಯೂ ರಿಲಿಜನ್', 'ದ ಷೋಫರ್' ಈ ಮೂರು ಸಾಕು. ವಿಡಿಯೊಗಳನ್ನು ಆಮೇಲೆ ನೋಡಿ.